ನಿಲ್ಲುವುದೆಲ್ಲ ನಮ್ಮದು, ಓಡುವುದೆಲ್ಲ ಅವರದು

ಸಭೆ ಹನ್ನೊಂದಕ್ಕೆ. ಕೋರಂ ಹನ್ನೆರಡಕ್ಕೆ. ಗೋಡಂಬಿ, ಬಿಸ್ಕತ್ತು ಹನ್ನೆರಡೂಕಾಲಿಗೆ. ಊಟ ಒಂದೂವರೆಗೆ. ಈ ನಡುವೆ ಎಲ್ಲಾದರೂ ಸಂದಿ ಸಿಕ್ಕರೆ ಊರಿನ ಭವಿಷ್ಯ.

ನಗರಸಭೆ, ಪುರಸಭೆಗಳ ಸಾಮಾನ್ಯ ಸಭೆಯನ್ನು ಒಮ್ಮೆಯಾದರೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿನ್ನದ ಗಣಿಯ ಊರು ಕೆಜಿಎಫ್ ಆದರೇನು, ಪಕ್ಕದ ಬಂಗಾರಪೇಟೆ ಆದರೇನು, ಈ ರಾಜ್ಯದ ಇನ್ಯಾವ ಊರಾದರೇನು. ಮೊದಲ ಮುಕ್ಕಾಲು ಗಂಟೆ ಹಿಂದಿನ ಸಭೆಯ ನಡಾವಳಿಗೇ ಹೋಗುತ್ತದೆ. ಹೇಳಿದ್ದನ್ನು ಬರೆದಿಲ್ಲವಂತೆ, ಬರೆದದ್ದನ್ನು ಯಾರೂ ಹೇಳಿಲ್ಲವಂತೆ. ಆಮೇಲೆ ಬೀದಿದೀಪ. ಆಮೇಲೆ ಚರಂಡಿ. ಆಮೇಲೆ ಬೀದಿನಾಯಿ. ಇ-ಖಾತೆಗೆ ದುಡ್ಡು ಕೇಳುತ್ತಾರೆ ಎಂದು ಒಬ್ಬರು ಮೇಜು ಕುಟ್ಟಿ ಏಳುತ್ತಾರೆ. ಯಾರು ಕೇಳಿದ್ದು, ಹೆಸರು ಹೇಳಿ ಎಂದರೆ ಕೂತುಬಿಡುತ್ತಾರೆ. ಮಾರುಕಟ್ಟೆ ಅಂಗಡಿಗಳ ಬಾಡಿಗೆಯ ಮಾತು ಬಂತೋ, ತೂಕಡಿಸುತ್ತಿದ್ದವರಿಗೂ ಜೀವ ಬರುತ್ತದೆ. ಅಧ್ಯಕ್ಷರ ಪೀಠದ ಮುಂದೆ ಧರಣಿ. ಹತ್ತು ನಿಮಿಷ ಮುಂದೂಡಿಕೆ. ಆ ಹತ್ತು ನಿಮಿಷ ಊಟದ ತನಕ ಬೆಳೆಯುತ್ತದೆ.

ಸಾರಿಗೆ? ಕಾರ್ಯಸೂಚಿಯ ಕೊನೆಯ ಸಾಲು ನೋಡಿ. 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು.' ಊರಿನ ಮುಂದಿನ ಮೂವತ್ತು ವರ್ಷ ಆ 'ಇತರೆ'ಯಲ್ಲಿದೆ. ಅದರ ಸರದಿ ಬರುವ ಹೊತ್ತಿಗೆ ಸದಸ್ಯರು ಕೈ ತೊಳೆಯುತ್ತಿರುತ್ತಾರೆ.

ಬೈಯುವ ಮುಂಚೆ ಅವರ ಪರವಾಗಿಯೂ ಒಂದು ಮಾತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಊರುಗಳಿಗೆ ಅಧಿಕಾರ ಕೊಟ್ಟೆವು ಎಂದು ದಿಲ್ಲಿ ಬೀಗಿತು. 12ನೇ ಅನುಸೂಚಿಯಲ್ಲಿ 18 ವಿಷಯಗಳ ಪಟ್ಟಿ. ಮೊದಲನೆಯದೇ ನಗರ ಯೋಜನೆ. ನಾಲ್ಕನೆಯದು ರಸ್ತೆ ಮತ್ತು ಸೇತುವೆ. ಹದಿನಾಲ್ಕನೆಯದು ಸ್ಮಶಾನ. ಹದಿನೇಳನೆಯದರಲ್ಲಿ ಬೀದಿದೀಪ, ವಾಹನ ನಿಲ್ಲಿಸುವ ಜಾಗ, ಬಸ್ ತಂಗುದಾಣ, ಸಾರ್ವಜನಿಕ ಶೌಚಾಲಯ.

ಬಸ್ ತಂಗುದಾಣ ಇದೆ. ಬಸ್ಸಿಲ್ಲ. ಹದಿನೆಂಟನ್ನೂ ಓದಿ ನೋಡಿ, ಎಲ್ಲೂ ಇಲ್ಲ.

ನಿಲ್ಲುವುದೆಲ್ಲ ಊರಿನ ಪಾಲಿಗೆ. ಕಂಬ, ಕಟ್ಟೆ, ತಂಗುದಾಣ, ಸಮಾಧಿ. ಓಡುವುದೆಲ್ಲ ಬೇರೆಯವರ ಪಾಲಿಗೆ. ಬಸ್ಸು ಕೆಎಸ್‌ಆರ್‌ಟಿಸಿಯದು. ರೈಲು ನೈರುತ್ಯ ರೈಲ್ವೆಯದು. ಆಟೊ ಆರ್‌ಟಿಒದು, ಅದರ ಮೀಟರು ಯಾರದೂ ಅಲ್ಲ. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದು. ಅದಕ್ಕಿಂತ ದೊಡ್ಡದು ಹೆದ್ದಾರಿ ಪ್ರಾಧಿಕಾರದ್ದು. ಪಟ್ಟಿಯ ಮೊದಲ ಸಾಲಿನಲ್ಲಿ ಮೆರೆಯುವ ನಗರ ಯೋಜನೆಯಾದರೂ ಕೈಗೆ ಬಂತೇ? ಅದಕ್ಕೆ ಕೆಜಿಎಫ್ ನಗರಾಭಿವೃದ್ಧಿ ಪ್ರಾಧಿಕಾರ ಅಂತ ಬೇರೆಯೇ ಒಂದು ಕಚೇರಿ. ಅದರ ಅಧ್ಯಕ್ಷರನ್ನು ಆರಿಸುವುದು ಊರಲ್ಲ, ಸರ್ಕಾರ. ಯಾಕೆ ಆರಿಸುತ್ತದೆ ಅಂತ ಯಾವ ಪಕ್ಷದ ಕಾರ್ಯಕರ್ತನನ್ನು ಕೇಳಿದರೂ ಹೇಳುತ್ತಾನೆ.

ಕೆಜಿಎಫ್‌ನ ಕಥೆ ಇನ್ನೂ ಸೊಗಸು. ಕಾಗದದ ಮೇಲೆ ಅದು ರಾಬರ್ಟ್‌ಸನ್‌ಪೇಟೆ ನಗರಸಭೆ. 35 ವಾರ್ಡು. 2011ರ ಜನಗಣತಿಯಲ್ಲಿ 1.62 ಲಕ್ಷ ಜನ. ಪೊಲೀಸರಿಗೆ ಇದು ಪ್ರತ್ಯೇಕ ಜಿಲ್ಲೆ, ಎಸ್‌ಪಿ ಇದ್ದಾರೆ. ಡಿಸಿ ಬೇಕೆಂದರೆ ಕೋಲಾರಕ್ಕೆ ಹೋಗಿ. ಬಂಗಾರಪೇಟೆಯಿಂದ ಬಿಡಿಸಿ ಪ್ರತ್ಯೇಕ ತಾಲ್ಲೂಕು ಮಾಡಿದ್ದು ಮೊನ್ನೆ ಮೊನ್ನೆ, 2018ರಲ್ಲಿ. ಗಾಡಿಗಳಿಗೆ ಮಾತ್ರ ಎಂದಿನಿಂದಲೂ ಸ್ವಂತ ನಂಬರು ಇದೆ, ಕೆಎ 08. ಊರಿಗಿಂತ ಮೊದಲು ನಂಬರ್ ಪ್ಲೇಟಿಗೆ ಸ್ವಾತಂತ್ರ್ಯ ಬಂತು.

ಇನ್ನು ನೆಲ. ಗಣಿ ಕಾರ್ಮಿಕರ ಮನೆಸಾಲುಗಳಾದ ಲೈನುಗಳು, ಲೈನುಗಳ ನಡುವಿನ ದಾರಿ, ಚಿನ್ನ ತೆಗೆದುಳಿದ ಮಣ್ಣಿನ ಸೈನೈಡ್ ಗುಡ್ಡ, ಎಲ್ಲ ಬಿಜಿಎಂಎಲ್ ಎಂಬ ಸತ್ತ ಕಂಪನಿಯ ಹೆಸರಲ್ಲಿ. ಕಂಪನಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕಾಲು ಶತಮಾನ ಕಳೆದರೂ ನೆಲದ ವಾರಸುದಾರ ದಿಲ್ಲಿಯಲ್ಲೇ ಇದ್ದಾನೆ. ಹಾಗಾಗಿ ಚಾಂಪಿಯನ್ ರೀಫ್ಸಿನ ಒಬ್ಬ ಹೆಂಗಸು ಮನೆ ಬಾಗಿಲಿನಿಂದ ಬೆಂಗಳೂರಿನ ಕೆಲಸಕ್ಕೆ ಹೋಗಬೇಕಾದರೆ ಕೇಂದ್ರದ ಗಣಿ ಇಲಾಖೆಯ ನೆಲದಲ್ಲಿ ಚಪ್ಪಲಿ ಮೆಟ್ಟಿ, ನಗರಸಭೆಯ ಕತ್ತಲಲ್ಲಿ ನಡೆದು, ಲೋಕೋಪಯೋಗಿಯ ಗುಂಡಿ ದಾಟಿ, ರೈಲ್ವೆಯ ಮೆಟ್ಟಿಲು ಹತ್ತಬೇಕು. ಒಂದು ಕಿಲೋಮೀಟರಿನಲ್ಲಿ ನಾಲ್ಕು ಸರ್ಕಾರ. ಕಾಲು ಉಳುಕಿದರೆ ಯಾರನ್ನು ಕೇಳುವುದು? ನಾಲ್ವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ.

ಬ್ರಿಟಿಷರನ್ನು ಹೊಗಳುವ ಚಟ ನನಗಿಲ್ಲ. ಜಾನ್ ಟೇಲರ್ ಕಂಪನಿ ಇಲ್ಲಿಂದ ಹೊತ್ತೊಯ್ದ ಚಿನ್ನಕ್ಕೂ ಇಲ್ಲಿ ಬಿಟ್ಟುಹೋದ ಧೂಳಿಗೂ ತಾಳೆ ಹಾಕಿದರೆ ಹೊಗಳಿಕೆ ಗಂಟಲಲ್ಲೇ ಕಟ್ಟುತ್ತದೆ. ಆದರೂ ಲೆಕ್ಕ ಲೆಕ್ಕವೇ. ಬಂಗಾರಪೇಟೆಗೆ, ಅಂದರೆ ಆಗಿನ ಬೌರಿಂಗ್‌ಪೇಟೆಗೆ, ಮದರಾಸು ರೈಲು 1864ರಲ್ಲಿ ಬಂತು. ಅಲ್ಲಿಂದ ಮಾರಿಕುಪ್ಪಂ ತನಕ ಸುಮಾರು 16 ಕಿ.ಮೀ. ಹಳಿ, ಮೈಸೂರು ಸರ್ಕಾರದ ದುಡ್ಡಿನಲ್ಲಿ, 1894ರಲ್ಲಿ. ಶಿವನಸಮುದ್ರದ ಕರೆಂಟು 1902ರಲ್ಲಿ. ಬೆಂಗಳೂರಿಗೆ ಅದು ತಲುಪಿದ್ದು ಮೂರು ವರ್ಷ ತಡವಾಗಿ. ಹೌದು, ಈ ಕರೆಂಟಿನ ವಿಷಯ ಪ್ರತಿ ಭಾಷಣದಲ್ಲೂ ಬರುತ್ತದೆ. ಬೀದಿದೀಪ ಉರಿಯುವುದಿಲ್ಲ ಎಂದು ಅರ್ಜಿ ಕೊಟ್ಟವನಿಗೂ ಅದನ್ನೇ ಹೇಳುತ್ತಾರೆ.

ಇನ್ನೊಂದನ್ನು ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಚಾಂಪಿಯನ್ ರೀಫ್ಸ್ ಗಣಿ ನೆಲದೊಳಗೆ 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಸೈರನ್ ಕೂಗಿದರೆ ಶಿಫ್ಟು. ಶಿಫ್ಟಿಗೆ ಸರಿಯಾಗಿ ಕೇಜು. ಕೇಜಿನಲ್ಲಿ ಸಾಲುಸಾಲಾಗಿ ಆಳು. ಪಾತಾಳಕ್ಕೆ ಜನರನ್ನು ಹೊತ್ತಿಗೆ ಸರಿಯಾಗಿ ಇಳಿಸುವುದು ಕಂಪನಿಗೆ ಗೊತ್ತಿತ್ತು, ಯಾಕೆಂದರೆ ಅಲ್ಲಿ ಚಿನ್ನವಿತ್ತು. ಅದೇ ಆಳುಗಳ ಮೊಮ್ಮಕ್ಕಳನ್ನು ನೆಲದ ಮೇಲೆ ಬೆಂಗಳೂರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಯಾರಿಗೂ ಗೊತ್ತಿಲ್ಲ. ಈ ಮೊಮ್ಮಕ್ಕಳ ಹತ್ತಿರ ಇರುವುದು ತಿಂಗಳ ಪಾಸು ಮಾತ್ರ.

ಬೆಳಗಿನ ಜಾವದ ರೈಲನ್ನು ನೋಡಿದ್ದೀರಾ? ಮಾರಿಕುಪ್ಪಂನಲ್ಲೇ ಸೀಟು ತುಂಬುತ್ತದೆ. ಕರವಸ್ತ್ರ ಹಾಕಿದವನಿಗೆ ಕಿಟಕಿ. ಚಾಂಪಿಯನ್, ಉರಿಗಾಂನಲ್ಲಿ ಹತ್ತಿದವರಿಗೆ ನಡುದಾರಿ. ಬೆಮೆಲ್ ನಗರ, ಕೋರಮಂಡಲ್‌ನವರಿಗೆ ಬಾಗಿಲು. ಬಂಗಾರಪೇಟೆಯಲ್ಲಿ ಹತ್ತುವವರಿಗೆ ದೇವರೇ ಗತಿ. ಸೆಕ್ಯುರಿಟಿ ಗಾರ್ಡು, ನರ್ಸು, ಗಾರ್ಮೆಂಟ್ಸಿನ ಹುಡುಗಿ, ಹೌಸ್‌ಕೀಪಿಂಗ್‌ನವಳು, ಐಟಿಐ ಮುಗಿಸಿದವನು, ಎಂಜಿನಿಯರಿಂಗ್ ಮುಗಿಸಿ ಐಟಿಐ ಕೆಲಸ ಮಾಡುವವನು. ಬ್ಯಾಗಿನೊಳಗೆ ಡಬ್ಬಿ, ಡಬ್ಬಿಯೊಳಗೆ ರಾತ್ರಿಯ ಸಾರು. ಮಾಲೂರು ದಾಟುವ ತನಕ ನಿಂತೇ ನಿದ್ದೆ. ವೈಟ್‌ಫೀಲ್ಡ್ ಬಂತೆಂದರೆ ಅರ್ಧ ಬೋಗಿ ಧುಮುಕುತ್ತದೆ, ಮೆಟ್ರೊ ಹಿಡಿಯಲು. ಸಂಜೆ ಇದೇ ಸಿನಿಮಾ ಹಿಂದುಮುಂದಾಗಿ.

ಗಣಿ ಮುಚ್ಚಿದ ಮೇಲೆ ಈ ಊರಿಗೆ ಸಿಕ್ಕ ಪುನರ್ವಸತಿ ಯೋಜನೆ ಇದೊಂದೇ. ಯಾವ ಸರ್ಕಾರವೂ ಇದನ್ನು ಮಾಡಲಿಲ್ಲ. ಜನ ತಾವೇ ಮಾಡಿಕೊಂಡರು, ಪಾಸು ಕೊಂಡು. 2020ರ ಮಾರ್ಚ್‌ನಲ್ಲಿ ದೇಶದ ರೈಲುಗಳೆಲ್ಲ ನಿಂತಾಗ ಈ ಊರಿನ ಒಲೆಗಳೂ ನಿಂತವು. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು. ಕಣ್ಣಿದ್ದವರು ಕಾರಿನಲ್ಲಿ ಓಡಾಡುತ್ತಿದ್ದರು.

ಮೇಲಿನವರು ಸುಮ್ಮನೆ ಕೂತಿಲ್ಲ, ದೂರದೃಷ್ಟಿ ಬೇಕಾದಷ್ಟಿದೆ. ಎಷ್ಟು ದೂರವೆಂದರೆ ಹತ್ತಿರದ್ದು ಕಾಣುವುದಿಲ್ಲ.

ಎಕ್ಸ್‌ಪ್ರೆಸ್‌ವೇ ತೆಗೆದುಕೊಳ್ಳಿ. ಬೆಂಗಳೂರು-ಚೆನ್ನೈ, 262 ಕಿ.ಮೀ., ನಾಲ್ಕು ಪಥ. 2022ರ ಮೇನಲ್ಲಿ ಪ್ರಧಾನಿಯವರೇ ಚೆನ್ನೈಯಲ್ಲಿ ಶಂಕುಸ್ಥಾಪನೆ ಮಾಡಿದರು. ಅಂದಾಜು 14,870 ಕೋಟಿ ರೂಪಾಯಿ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಬರುವ ನಮ್ಮ ರಾಜ್ಯದ ತುಂಡು 2024ರ ಕೊನೆಗೆ ಓಡಾಟಕ್ಕೆ ತೆರೆಯಿತು. ಒಳ್ಳೆಯ ರಸ್ತೆ. ನೀರು ಚೆಲ್ಲಿದರೂ ನಿಲ್ಲದಷ್ಟು ನುಣುಪು. ಆದರೆ ಬೈಕು ಹತ್ತಿಸುವಂತಿಲ್ಲ. ಆಟೊ ಹತ್ತಿಸುವಂತಿಲ್ಲ. ಟ್ರ್ಯಾಕ್ಟರ್ ಅಂತೂ ಕೇಳಲೇಬೇಡಿ. ಇರುವುದು ಸ್ಪ್ಲೆಂಡರ್ ಒಂದೇ ಆದರೆ, ನಿಮ್ಮ ಹೊಲದ ಮೇಲೆ ಹೋದ ರಸ್ತೆಯನ್ನು ಬೇಲಿಯಾಚೆ ನಿಂತು ನೋಡಬಹುದು. ಅದಕ್ಕೆ ಸದ್ಯಕ್ಕೆ ಟೋಲ್ ಇಲ್ಲ.

ವಂದೇ ಭಾರತ್ ಇನ್ನೊಂದು. ಮೈಸೂರು-ಚೆನ್ನೈ, 2022ರ ನವೆಂಬರ್‌ನಲ್ಲಿ ಶುರುವಾಯಿತು. ದಕ್ಷಿಣ ಭಾರತದ ಮೊದಲ ವಂದೇ ಭಾರತ್. ಬಂಗಾರಪೇಟೆ ಜಂಕ್ಷನ್ನಿನ ನಟ್ಟನಡುವೆ ಹಾದು ಹೋಗುತ್ತದೆ, ನಿಲ್ಲುವುದಿಲ್ಲ. ಒಂದೂವರೆ ಶತಮಾನದ ನಿಲ್ದಾಣ, ನಾಲ್ಕು ದಿಕ್ಕಿನ ಹಳಿ ಸೇರುವ ಜಾಗ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಸಿಗುವುದು ಅದರ ಗಾಳಿ. ಅದು ಹೋಗಲಿ ಅಂತ ಪ್ಯಾಸೆಂಜರ್ ರೈಲನ್ನು ಪಕ್ಕಕ್ಕೆ ಹಾಕಿ ಕಾಯಿಸುವುದು ರೈಲ್ವೆಯ ಹಳೆಯ ಶಿಷ್ಟಾಚಾರ. ಪಾಸಿನವನು ಕಾಯಲು ಹುಟ್ಟಿದವನು ತಾನೆ.

ಮಾರಿಕುಪ್ಪಂ-ಕುಪ್ಪಂ ಹೊಸ ಮಾರ್ಗ ಇನ್ನೂ ಚೆಂದ. ಉದ್ದ 24 ಕಿ.ಮೀ.ಗಿಂತ ಕಡಿಮೆ. ಮಂಜೂರಾದದ್ದು 2011-12ರಲ್ಲಿ. ಅದಾದ ಮೇಲೆ ಒಬ್ಬರು ಈ ಊರಿನ ಹೆಸರಿನ ಸಿನಿಮಾ ಬರೆದರು, ಇಲ್ಲಿನ ಸೈನೈಡ್ ಗುಡ್ಡದ ಮೇಲೆ ಸೆಟ್ ಹಾಕಿದರು, 2018ರಲ್ಲಿ ಮೊದಲ ಭಾಗ ಬಿಟ್ಟರು, ನಡುವೆ ಒಂದು ಮಹಾಮಾರಿ ಬಂದು ಹೋಯಿತು, 2022ರಲ್ಲಿ ಎರಡನೇ ಭಾಗ ಬಿಟ್ಟು ಸಾವಿರ ಕೋಟಿ ಎಣಿಸಿದರು. ಜಪಾನಿನಲ್ಲೂ ಜನ ಕೆಜಿಎಫ್ ಎಂದರು. ಕುಪ್ಪಂಗೆ ಮಾತ್ರ ಮಾರಿಕುಪ್ಪಂ ರೈಲು ಇನ್ನೂ ಹೋಗಿಲ್ಲ. 1894ರಲ್ಲಿ ಹಳಿ ಎಲ್ಲಿಗೆ ಬಂದು ನಿಂತಿತ್ತೋ ಅಲ್ಲೇ ನಿಂತಿದೆ. ಪ್ರತಿ ಬಜೆಟ್‌ಗೆ ಒಂದಿಷ್ಟು ಕಾಸು, ಪ್ರತಿ ಚುನಾವಣೆಗೆ ಒಂದಿಷ್ಟು ಜಲ್ಲಿ.

ಶ್ರೀನಿವಾಸಪುರದ ರೈಲು ಬೋಗಿ ಕಾರ್ಖಾನೆ ನೆನಪಿದೆಯೇ? ಕೆ.ಎಚ್. ಮುನಿಯಪ್ಪನವರು ಕೋಲಾರದಿಂದ ಲೋಕಸಭೆಗೆ 1991ರಿಂದ ಏಳು ಸಲ ಗೆದ್ದವರು. 2009ರಿಂದ 2012ರ ತನಕ ರೈಲ್ವೆ ರಾಜ್ಯ ಸಚಿವರೂ ಆಗಿದ್ದರು. ಕಾರ್ಖಾನೆ ಘೋಷಣೆಯಾಯಿತು. ರೈಲ್ವೆ ಸಚಿವರಾಗಿದ್ದ ಮಲ್ಲಿಕಾರ್ಜುನ ಖರ್ಗೆಯವರು 2014ರ ಲೋಕಸಭಾ ಚುನಾವಣೆಗೆ ಸ್ವಲ್ಪ ಮುಂಚೆ ಕಲ್ಲು ಹಾಕಿದರು. ಸರ್ಕಾರ ಬದಲಾಯಿತು. ಕಲ್ಲು ಉಳಿಯಿತು. ಜಿಲ್ಲೆಯ ಜನ ಸಂಸದರನ್ನು ಬದಲಾಯಿಸಿದರು, ಪಕ್ಷ ಬದಲಾಯಿಸಿದರು, 2024ರಲ್ಲಿ ಮತ್ತೊಮ್ಮೆ ಬದಲಾಯಿಸಿದರು. ಬೋಗಿ ಮಾತ್ರ ಒಂದೂ ಹೊರಗೆ ಬರಲಿಲ್ಲ. ಇದರಲ್ಲಿ ಎಲ್ಲ ಪಕ್ಷಗಳೂ ಸಮಾನ ಪಾಲುದಾರರು. ಮೂರೂ ಪಕ್ಷ ಒಮ್ಮತಕ್ಕೆ ಬಂದ ಅಪರೂಪದ ಯೋಜನೆ ಅಂತ ಬೇಕಾದರೆ ಅದಕ್ಕೊಂದು ಫಲಕ ಹಾಕಿಸಬಹುದು. ಕಲ್ಲು ಹೇಗೂ ಇದೆ.

ಬೆಂಗಳೂರು ಉಪನಗರ ರೈಲನ್ನು ವೈಟ್‌ಫೀಲ್ಡ್‌ನಿಂದ ಬಂಗಾರಪೇಟೆಗೆ ತರುವ ಪ್ರಸ್ತಾವವೂ ಉಂಟು. ಬೆಂಗಳೂರಿಗೇ ಇನ್ನೂ ಬಾರದ ರೈಲು ಬಂಗಾರಪೇಟೆಗೆ ಬರುವ ದಿನವನ್ನು ಲೆಕ್ಕ ಹಾಕಿ ಸೈಟು ಮಾರುವವರು ಆಗಲೇ ಬೋರ್ಡು ಹಾಕಿದ್ದಾರೆ. ಅವರಷ್ಟು ದೀರ್ಘಾವಧಿ ಯೋಜನೆ ಮಾಡುವವರು ಈ ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ.

ಸರಿ ಸದಸ್ಯರೇ, ರೈಲು ನಿಮ್ಮದಲ್ಲ, ಎಕ್ಸ್‌ಪ್ರೆಸ್‌ವೇ ನಿಮ್ಮದಲ್ಲ, ಒಪ್ಪಿದೆ. ನಿಂತದ್ದಾದರೂ ನಿಮ್ಮದು ತಾನೆ? ಅದನ್ನೇ ನೋಡೋಣ, ಸ್ವಾಮಿ.

ಸ್ಟೇಷನ್‌ಗೆ ಹೋಗುವ ದಾರಿಯ ದೀಪ ನಿಮ್ಮದು. ಫುಟ್‌ಪಾತು ನಿಮ್ಮದು, ಅದರ ಮೇಲೆ ಕೂತ ಅಂಗಡಿಯ ನೆಲಬಾಡಿಗೆಯೂ ನಿಮ್ಮದು. ಬಸ್ ತಂಗುದಾಣ ನಿಮ್ಮದು, ಅದರ ನೆತ್ತಿಯ ಮೇಲೆ ಶಾಸಕರ ಅನುದಾನ ಎಂದು ಬರೆಯುವ ಅಕ್ಷರದ ಗಾತ್ರವೂ ನಿಮ್ಮದು. ಅಕ್ಷರ ದೊಡ್ಡದು, ನೆರಳು ಚಿಕ್ಕದು. ರಾತ್ರಿ ರೈಲಿಳಿದು ಬರುವ ಹೆಣ್ಣುಮಗಳಿಗೆ ಸ್ಟೇಷನ್‌ನಿಂದ ಲೈನಿನ ತನಕ ಬೆಳಕಿನ ದಾರಿ ಮಾಡಲು ದಿಲ್ಲಿಯ ಅಪ್ಪಣೆ ಬೇಕೇ? ಡಿಪಿಆರ್ ಬೇಕೇ? ಬಲ್ಬು ಸಾಕು.

ಪೇಟೆಯನ್ನು ಹಾಕಿದವರ ನಕ್ಷೆಯನ್ನಾದರೂ ನೋಡಿ. ರಾಬರ್ಟ್‌ಸನ್‌ಪೇಟೆಯ ಬೀದಿಗಳು ಗೆರೆ ಎಳೆದ ಹಾಗೆ ನೇರವಾಗಿವೆ. ನೂರು ವರ್ಷದ ಹಿಂದೆ ಯಾರೋ ಕೂತು ಯೋಚಿಸಿದ ಗುರುತು ಅದು. ಆಮೇಲೆ ಬಂದ ಬಡಾವಣೆಗಳನ್ನು ನೋಡಿದರೆ ಯೋಚಿಸಿದವರು ಯಾರು ಅಂತ ಗೊತ್ತಾಗುವುದಿಲ್ಲ, ಸಹಿ ಹಾಕಿದವರು ಯಾರು ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಸೈನೈಡ್ ಗುಡ್ಡಗಳ ವಿಷಯಕ್ಕೆ ಬನ್ನಿ. ಹದಿಮೂರು ಗುಡ್ಡ, ಸುಮಾರು 3.3 ಕೋಟಿ ಟನ್ ಮಣ್ಣು. ಅದರಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ತಲೆಯಾಡಿಸಿತು. ಗಣಿಯ ಖಾಲಿ ಜಮೀನಿನಲ್ಲಿ ಕೈಗಾರಿಕಾ ವಸಾಹತು ಬರುತ್ತದೆ ಎಂಬ ಮಾತೂ ಇದೆ. ಬರಲಿ, ಸಂತೋಷ. ಆ ಮಣ್ಣಿನ ಲಾರಿಗಳು ಯಾವ ರಸ್ತೆ ಹಿಡಿಯುತ್ತವೆ? ಶಾಲೆಯ ಮುಂದೆಯೇ, ಆಸ್ಪತ್ರೆಯ ಹಿಂದೆಯೇ? ಕೆಲಸಕ್ಕೆ ಬರುವವರು ಯಾವುದರಲ್ಲಿ ಬರುತ್ತಾರೆ? ಈಗಲೇ ಗಾಳಿ ಬೀಸಿದರೆ ಮನೆಯೊಳಗಿನ ಅನ್ನದ ತಟ್ಟೆಗೆ ಬೀಳುವ ಆ ಧೂಳು, ಲಾರಿಯ ಮೇಲೆ ತಾಡಪಾಲು ಇಲ್ಲದೆ ಹೊರಟರೆ ಎಲ್ಲಿ ಬೀಳುತ್ತದೆ? ಸ್ಥಳೀಯ ಸಮಸ್ಯೆ ಮತ್ತು ದೀರ್ಘಾವಧಿಯ ಸಾರಿಗೆ, ಎರಡೂ ಒಂದೇ ಪ್ರಶ್ನೆಯಲ್ಲಿ ಇರುವ ಇಂಥ ಜಾಗ ಇನ್ನೊಂದಿಲ್ಲ. ಕೇಳಬೇಕಾದವರು ಬಾಡಿಗೆ ಬಾಕಿಯ ಪಟ್ಟಿ ಹಿಡಿದು ಕೂತಿದ್ದಾರೆ.

ನಿರ್ಣಯ ಮಾಡಲು ಅಧಿಕಾರ ಬೇಕಿಲ್ಲ. ಬೆಳಗಿನ ರೈಲಿಗೆ ನಾಲ್ಕು ಬೋಗಿ ಹೆಚ್ಚಿಸಿ, ಜಂಕ್ಷನ್ನಿನಲ್ಲಿ ಕಾಯಿಸಬೇಡಿ, ರೈಲಿನ ಹೊತ್ತಿಗೆ ಬಸ್ಸು ಬಿಡಿ. ಮೂರು ಸಾಲು. ಕೆಜಿಎಫ್ ನಗರಸಭೆ ಮತ್ತು ಬಂಗಾರಪೇಟೆ ಪುರಸಭೆ ಎರಡೂ ಕೂತು ಒಂದೇ ದಿನ ಒಪ್ಪಿ ಕಳಿಸಿದರೆ ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಕನಿಷ್ಠ ಉತ್ತರ ಬರೆಯುವ ಕಷ್ಟವಾದರೂ ಆಗುತ್ತದೆ. ಒಂದೇ ರೈಲಿನಲ್ಲಿ ಜೋತಾಡುವ ಜನರ ಎರಡು ಊರು, ಎರಡು ಆಡಳಿತ. ನಡುವೆ 16 ಕಿ.ಮೀ. ಹಳಿ. ಜನ ದಿನಕ್ಕೆರಡು ಸಲ ದಾಟುವ ಆ ದೂರವನ್ನು ಪ್ರತಿನಿಧಿಗಳು ಮದುವೆ ಊಟಕ್ಕೆ ಮಾತ್ರ ದಾಟುತ್ತಾರೆ.

ಪ್ರತಿನಿಧಿಗಳು ಇದ್ದರೆ ತಾನೆ, ಎನ್ನುತ್ತೀರಿ. ಅದೂ ನಿಜ. 2023ರಲ್ಲಿ ಅಧ್ಯಕ್ಷ-ಉಪಾಧ್ಯಕ್ಷರ ಮೊದಲ ಅವಧಿ ಮುಗಿಯಿತು. ಮುಂದಿನವರು ಯಾವ ಜಾತಿಯವರಿರಬೇಕು ಎಂಬ ಮೀಸಲಾತಿ ಪಟ್ಟಿ ರಾಜ್ಯ ಸರ್ಕಾರದಿಂದ ಹೊರಬಿದ್ದದ್ದು 2024ರ ಆಗಸ್ಟ್‌ನಲ್ಲಿ. ಒಂದು ವರ್ಷಕ್ಕೂ ಮೀರಿ ರಾಜ್ಯದ ಎಷ್ಟೋ ಊರುಗಳಿಗೆ ಸದಸ್ಯರಿದ್ದರು, ಅಧ್ಯಕ್ಷರಿರಲಿಲ್ಲ. ಯಾವ ಊರೂ ಗಮನಿಸಿದಂತೆ ಕಾಣಲಿಲ್ಲ. ಚರಂಡಿ ಹಾಗೆಯೇ ಹರಿಯಿತು, ಅಥವಾ ಹಾಗೆಯೇ ನಿಂತಿತು. ಬೇಕಾದಾಗ ಆಡಳಿತಾಧಿಕಾರಿ, ಬೇಡವಾದಾಗ ಅಧ್ಯಕ್ಷರು. ಐದು ವರ್ಷದ ಅವಧಿಯನ್ನೇ ಸರಿಯಾಗಿ ಓಡಿಸಲಾಗದ ರಾಜ್ಯ, ಊರಿಗೆ ಇಪ್ಪತ್ತು ವರ್ಷದ ಮಹಾಯೋಜನೆ ಬರೆದುಕೊಡುತ್ತದಂತೆ.

ನನ್ನದೊಂದು ಸಲಹೆ ಇದೆ. ಮುಂದಿನ ಸಾಮಾನ್ಯ ಸಭೆ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ ನಡೆಯಲಿ. ಸೋಮವಾರವೇ ಆಗಲಿ, ಜನ ಜಾಸ್ತಿ. ಕಾರ್ಯಸೂಚಿಯಲ್ಲಿ ಸಾರಿಗೆ ಒಂದೇ ವಿಷಯ, ಇತರೆ ಇಲ್ಲ. ನಡಾವಳಿ ಬರೆಯುವವರು ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಬರೆಯಲಿ. ಧರಣಿ ಮಾಡುವವರು ಮಾಡಲಿ, ಕೂರಲು ಜಾಗ ಸಿಕ್ಕರೆ. ಗೋಡಂಬಿ ತಟ್ಟೆ ಉರಿಗಾಂ ದಾಟುವ ಹೊತ್ತಿಗೆ ಯಾರ ಕೈಗೆ ಸೇರಿರುತ್ತದೋ ಹೇಳಲಾಗದು. ಬಂಗಾರಪೇಟೆಯಲ್ಲಿ ಪುರಸಭೆಯವರೂ ಹತ್ತಲಿ, ಸಾಧ್ಯವಾದರೆ. ವಂದೇ ಭಾರತನ್ನು ಮುಂದೆ ಬಿಡಲು ರೈಲನ್ನು ಪಕ್ಕಕ್ಕೆ ಹಾಕಿ ಕಾಯಿಸಿದರೆ ಒಳ್ಳೆಯದೇ ಆಯಿತು, ಚರ್ಚೆಗೆ ಹೊತ್ತು ಸಿಗುತ್ತದೆ.

ನಿಯಮ ಒಪ್ಪುವುದಿಲ್ಲ ಎನ್ನುತ್ತಾರೆ. ಕೋರಮಂಡಲ್ ದಾಟಿದರೆ ನಗರಸಭೆಯ ಸರಹದ್ದು ಮುಗಿಯುತ್ತದೆ, ಆಚೆಗೆ ಆದ ನಿರ್ಣಯ ಸಿಂಧುವಲ್ಲ ಎನ್ನುತ್ತಾರೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಆ ಕತ್ತಲಲ್ಲಿ ಮನೆಯಿಂದ ಸ್ಟೇಷನ್‌ಗೆ ಹೋಗುವುದಾದರೂ ಹೇಗೆ, ಆ ಹೊತ್ತಿಗೆ ಬಸ್ಸು ಎಲ್ಲಿದೆ, ಒಂದು ಕಾರಿನ ವ್ಯವಸ್ಥೆ ಮಾಡಿ ಎಂದು ಪೌರಾಯುಕ್ತರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ.

ಆ ಪ್ರಶ್ನೆಯನ್ನು ದಯವಿಟ್ಟು ನಡಾವಳಿಯಲ್ಲಿ ಬರೆದುಕೊಳ್ಳಿ. ಕಾರಿನ ಮಾತು ಹೊಡೆದುಹಾಕಿ.